ಕಾಲೇಜಿನಲ್ಲಿ ಉಪವಿಷಯವಾಗಿ ದತ್ತಾಂಶ ವಿಜ್ಞಾನ

ಹೈಸ್ಕೂಲನ್ನು ಮುಗಿಸಿ, ಪಿ.ಯು. ತರಗತಿಗಳನ್ನೂ ದಾಟಿ, ಪದವಿಯ ಹೊಸ್ತಿಲಲ್ಲಿ ನಿಂತಿರುವ ಹುಡುಗಿಯರ ತಾಯಿತಂದೆಗಳನ್ನು ಈಚಿನ ವರುಷಗಳಲ್ಲಿ ಒಂದು ಚಿಂತೆಯು ಬಾಧಿಸುತ್ತಿರುವುದು. ಮಗಳ ಮನಸ್ಸು ಇತಿಹಾಸದಲ್ಲಿಯೋ, ಸಸ್ಯಶಾಸ್ತ್ರದಲ್ಲಿಯೋ, ಕನ್ನಡ ಸಾಹಿತ್ಯದಲ್ಲಿಯೋ, ಗೃಹವಿಜ್ಞಾನದಲ್ಲಿಯೋ ನೆಟ್ಟಿರುತ್ತದೆ. ನೆರೆಹೊರೆಯವರೂ ನೆಂಟರಿಷ್ಟರೂ ಬಂದು, "ಅದನ್ನೆಲ್ಲ ಓದಿ ಏನು ಬಂತು? ಡೇಟಾ ಸೈನ್ಸಿಗೆ ಸೇರಿಸಿರಿ" ಎಂದು ಹೇಳಿ ಹೋಗುತ್ತಾರೆ. ಒಲಿದ ವಿಷಯವನ್ನು ಬಿಡಿಸಿ ಒಲಿಯದುದಕ್ಕೆ ಸೇರಿಸಿದರೆ ಹುಡುಗಿಯ ಓದು ಕುಂಟುವುದು; ಸೇರಿಸದಿದ್ದರೆ ನಾಳೆ ಅವಳೇ ತಮ್ಮನ್ನು ದೂರುವಳೋ ಎಂಬ ಭಯ ಹೆತ್ತವರಿಗೆ. ಈ ಇಕ್ಕಟ್ಟಿನಿಂದ ಪಾರಾಗಲು ಒಂದು ದಾರಿಯುಂಟು. ತನಗೆ ಪ್ರಿಯವಾದ ವಿಷಯವನ್ನೇ ಪದವಿಯ ಮುಖ್ಯವಿಷಯವಾಗಿ ಇಟ್ಟುಕೊಂಡು, ದತ್ತಾಂಶ ವಿಜ್ಞಾನವನ್ನು ಅದರ ಪಕ್ಕದಲ್ಲಿ ಉಪವಿಷಯವಾಗಿ ಓದುವುದೇ ಆ ದಾರಿ. ಇದನ್ನು ಕೆಲವರು ಅರೆಮನಸ್ಸಿನ ರಾಜಿಯೆಂದು ತಿಳಿದಿರುವರು. ನಮಗೆ ಹಾಗೆ ತೋರುವುದಿಲ್ಲ. ಅನೇಕ ಹುಡುಗಿಯರಿಗೆ ಈ ಶಾಸ್ತ್ರವನ್ನು ಕಲಿಯುವ ಅತ್ಯುತ್ತಮ ರೀತಿಯೇ ಇದು ಎಂಬುದು ನಮ್ಮ ಅಭಿಪ್ರಾಯ. ಅದರ ಕಾರಣಗಳನ್ನೂ, ಅದರಲ್ಲಿರುವ ತೊಡಕುಗಳನ್ನೂ ಇಲ್ಲಿ ವಾಚಕರ ಮುಂದಿಡುವೆವು.

ಮೊದಲು ಉಪವಿಷಯವೆಂದರೇನೆಂಬುದನ್ನು ಹೇಳಿಬಿಡೋಣ. ಕಾಲೇಜುಗಳಲ್ಲಿ ಇದನ್ನು ಮೈನರ್ ಎಂದೂ ಮುಖ್ಯವಿಷಯವನ್ನು ಮೇಜರ್ ಎಂದೂ ಕರೆಯುವರು. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2022ನೆಯ ಡಿಸೆಂಬರಿನಲ್ಲಿ ಪ್ರಕಟಿಸಿದ ಪಠ್ಯಕ್ರಮದ ಚೌಕಟ್ಟಿನ ಪ್ರಕಾರ ಮೂರು ವರುಷಗಳ ಪದವಿಗೆ 120 ಕ್ರೆಡಿಟ್‌ಗಳು ಬೇಕು; ಅವುಗಳಲ್ಲಿ ಕನಿಷ್ಠ 60 ಮುಖ್ಯವಿಷಯಕ್ಕೂ 24 ಉಪವಿಷಯಕ್ಕೂ ಸಲ್ಲತಕ್ಕವು. ನಾಲ್ಕು ವರುಷಗಳ ಪದವಿಗಾದರೆ ಒಟ್ಟು 160. ಮುಖ್ಯವಿಷಯಕ್ಕೆ 80, ಉಪವಿಷಯಕ್ಕೆ 32. ವಾರಕ್ಕೆ ಒಂದು ಗಂಟೆಯ ಪಾಠವನ್ನು ಒಂದು ಸೆಮಿಸ್ಟರ್ ಪೂರ್ತಿ ಕೇಳಿದರೆ ಒಂದು ಕ್ರೆಡಿಟ್. ಪ್ರಯೋಗಶಾಲೆಯ ಕೆಲಸವಾದರೆ ಅದಕ್ಕೆ ವಾರಕ್ಕೆ ಎರಡು ಗಂಟೆ. ಹೀಗೆ ಲೆಕ್ಕ ಹಾಕಿದರೆ ಉಪವಿಷಯವು ಇಡೀ ಪದವಿಯ ಐದನೆಯ ಒಂದು ಭಾಗವಾಗುವುದು. ಊಟಕ್ಕೆ ಉಪ್ಪಿನಕಾಯಿಯೆಂದು ತಳ್ಳಿಹಾಕುವಷ್ಟು ಅಲ್ಪವೂ ಅಲ್ಲ, ಮುಖ್ಯವಿಷಯವನ್ನು ನುಂಗಿಬಿಡುವಷ್ಟು ದೊಡ್ಡದೂ ಅಲ್ಲ. ಎಂಜಿನಿಯರಿಂಗ್ ಕಾಲೇಜುಗಳ ಕ್ರಮವು ಬೇರೆ. ಅಲ್ಲಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ನಿಯಮದಂತೆ, ತನ್ನ ಪದವಿಯ ಪಾಠಗಳ ಮೇಲೆ ಇನ್ನೂ 18ರಿಂದ 20 ಕ್ರೆಡಿಟ್‌ಗಳನ್ನು ಹೆಚ್ಚಾಗಿ ಸಂಪಾದಿಸಿದವರಿಗೆ ಮೈನರ್ ದೊರೆಯುವುದು.

ನಮ್ಮ ಕರ್ನಾಟಕದ ಮಟ್ಟಿಗೆ ಒಂದು ಮಾತನ್ನು ಸೇರಿಸಬೇಕು. 2020ನೆಯ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ನಮ್ಮ ರಾಜ್ಯವು 2021-22ನೆಯ ಸಾಲಿನಲ್ಲಿ ಎಲ್ಲರಿಗಿಂತ ಮೊದಲು ಜಾರಿಗೆ ತಂದಿತು. 2024-25ನೆಯ ಸಾಲಿನಿಂದ ಸರ್ಕಾರವು ಆ ಏರ್ಪಾಡನ್ನು ಕೈಬಿಟ್ಟು ಮೂರು ವರುಷಗಳ ಪದವಿಗೆ ಹಿಂದಿರುಗಿತು. ಆದುದರಿಂದ ಅಕ್ಕನಿಗೆ ಸಿಕ್ಕ ಅವಕಾಶವು ಅದೇ ಹೆಸರಿನಿಂದ ತಂಗಿಗೂ ಸಿಕ್ಕೀತೆಂದು ನಂಬುವಂತಿಲ್ಲ. ಸ್ವಾಯತ್ತ ಕಾಲೇಜುಗಳಲ್ಲಿಯೂ ಖಾಸಗಿ ವಿಶ್ವವಿದ್ಯಾನಿಲಯಗಳಲ್ಲಿಯೂ ಅವರವರ ಕ್ರಮ ಅವರವರಿಗೆ. ಅರ್ಜಿಯನ್ನು ಬರೆಯುವುದಕ್ಕೆ ಮುಂಚೆ ಆ ವರುಷದ ಪಠ್ಯಕ್ರಮವನ್ನೇ ಕೈಗೆ ತೆಗೆದುಕೊಂಡು ಓದಬೇಕು. ಹಿಂದಿನ ವರುಷ ಓದಿದವರ ಬಾಯಿಮಾತು ಸಾಲದು.

ಇನ್ನು ಈ ದತ್ತಾಂಶ ವಿಜ್ಞಾನವೆಂದರೇನು? 'ಡೇಟಾ' ಎಂಬ ಲ್ಯಾಟಿನ್ ಮಾತಿಗೆ 'ಕೊಟ್ಟವು' ಎಂದು ಅರ್ಥ. ನಮ್ಮ 'ದತ್ತ' ಎಂಬ ಶಬ್ದಕ್ಕೂ ಅದೇ ಅರ್ಥ. ಎರಡೂ ಮಾತುಗಳಲ್ಲಿ ಒಂದು ಮೋಸವಿದೆಯೆಂದು ನಮಗೆ ತೋರುವುದು. ಅಂಕಿಗಳು ತಾವಾಗಿ ಬಂದು ನಮ್ಮ ಕೈಯಲ್ಲಿ ಬೀಳುವುದಿಲ್ಲ. ಯಾರೋ ಒಬ್ಬರು ಮನೆಮನೆಯ ಮೆಟ್ಟಿಲು ಹತ್ತಿ ಕೇಳಿ ಬರೆದುಕೊಂಡಿರುತ್ತಾರೆ. ಹಿಂದೆ ಖಾನೇಷುಮಾರಿಯ ಕಾಲದಲ್ಲಿ ಆ ಕೆಲಸವು ಶಾನುಭೋಗರ ಮತ್ತು ಉಪಾಧ್ಯಾಯರ ಪಾಲಿಗೆ ಬರುತ್ತಿದ್ದಿತು. ಇಂದು ಅದರಲ್ಲಿ ದೊಡ್ಡ ಪಾಲು ಅಂಗನವಾಡಿಯ ಮತ್ತು ಆಶಾ ಕಾರ್ಯಕರ್ತೆಯರದು. ಮನೆಯ ಅಜ್ಜಿಯ ವಯಸ್ಸೆಷ್ಟೆಂದು ಕೇಳಿದರೆ, "ಅರವತ್ತೋ ಅರವತ್ತೈದೋ ಇರಬಹುದು" ಎಂಬ ಉತ್ತರ ಬರುವುದು. ಅರವತ್ತೆರಡು, ಅರವತ್ಮೂರು ಎಂದು ಹೇಳುವವರು ಕಡಮೆ. ಅದಕ್ಕಾಗಿಯೇ ನಮ್ಮ ದೇಶದ ಜನಗಣತಿಯ ವಯಸ್ಸಿನ ಪಟ್ಟಿಗಳಲ್ಲಿ ಸೊನ್ನೆಯಿಂದಲೂ ಐದರಿಂದಲೂ ಕೊನೆಗೊಳ್ಳುವ ವಯಸ್ಸುಗಳಲ್ಲಿ ಜನರ ಗುಂಪು ವಿಪರೀತವಾಗಿ ಏರಿರುವುದು. ಲಕ್ಷ್ಮಿ ಎಂಬ ಒಂದೇ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ನಾಲ್ಕು ಬಗೆಯಾಗಿ ಬರೆಯುವರು. ಯಂತ್ರವು ಅವಳನ್ನು ನಾಲ್ವರು ಹೆಂಗಸರೆಂದೇ ಎಣಿಸುವುದು. ಇಂಥ ಕಲ್ಲುಗಳನ್ನು ಅಕ್ಕಿಯಿಂದ ಆರಿಸಿ ತೆಗೆಯುವುದು ಈ ಶಾಸ್ತ್ರದ ಮೊದಲನೆಯ ಕೆಲಸ. ಅದಕ್ಕೆ ಹಿಡಿಯುವ ಹೊತ್ತೂ ಬಹಳ. ಆಮೇಲೆ ಲಕ್ಷಾಂತರ ಸಾಲುಗಳ ಪಟ್ಟಿಯನ್ನು ಕಂಪ್ಯೂಟರಿನಿಂದ ಜೋಡಿಸಿ, ಕೂಡಿಸಿ, ಚಿತ್ರವಾಗಿ ಬಿಡಿಸಿ ನೋಡಬೇಕು. ಕೊನೆಗೆ, ಕಂಡದ್ದು ನಿಜವೋ ಆಕಸ್ಮಿಕವೋ ಎಂಬುದನ್ನು ಸಂಖ್ಯಾಶಾಸ್ತ್ರದ ತಕ್ಕಡಿಯಲ್ಲಿಟ್ಟು ತೂಗಬೇಕು. ಈ ಮೂರನ್ನೂ ಒಟ್ಟುಗೂಡಿಸಿ ಕಲಿಸುವುದೇ ದತ್ತಾಂಶ ವಿಜ್ಞಾನ. ಹೆಸರು ಹೊಸದು, ಕೆಲಸವು ಅಷ್ಟು ಹೊಸದಲ್ಲ. ದೀಪಧಾರಿಣಿಯೆಂದು ನಾವೆಲ್ಲರೂ ಪಾಠದಲ್ಲಿ ಓದಿದ ಫ್ಲಾರೆನ್ಸ್ ನೈಟಿಂಗೇಲ್ ಮಹಿಳೆಯು ಕ್ರಿಮಿಯಾ ಯುದ್ಧದಿಂದ ಹಿಂದಿರುಗಿದ ಮೇಲೆ, ಸೈನಿಕರಲ್ಲಿ ಗಾಯಗಳಿಂದ ಸತ್ತವರಿಗಿಂತ ತಡೆಯಬಹುದಾಗಿದ್ದ ರೋಗಗಳಿಂದ ಸತ್ತವರೇ ಹೆಚ್ಚೆಂಬುದನ್ನು ಬಣ್ಣದ ಚಿತ್ರಗಳಿಂದ ತೋರಿಸಿದಳು. 1858ರಲ್ಲಿ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘವು ಅವಳನ್ನು ಸದಸ್ಯೆಯಾಗಿ ಆರಿಸಿತು. ಆ ಗೌರವವನ್ನು ಪಡೆದ ಮೊದಲನೆಯ ಸ್ತ್ರೀಯು ಅವಳೇ. ಅವಳ ದೀಪವನ್ನು ಎಲ್ಲರೂ ಬಲ್ಲರು, ಅವಳ ಲೆಕ್ಕದ ಪುಸ್ತಕವನ್ನು ಬಲ್ಲವರು ಕಡಮೆ.

ಈ ಶಾಸ್ತ್ರವನ್ನು ಬೇರೆ ವಿಷಯದ ವಿದ್ಯಾರ್ಥಿಗಳಿಗೆ ಹೇಗೆ ಕಲಿಸಬಹುದೆಂಬುದಕ್ಕೆ ಒಂದು ನಿದರ್ಶನವನ್ನು ಸ್ವಲ್ಪ ವಿಸ್ತಾರವಾಗಿ ಹೇಳುವೆವು. ಅದು ಅಮೆರಿಕಾ ದೇಶದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಬರ್ಕ್ಲಿ ಶಾಖೆಯದು. ಅಲ್ಲಿ ದತ್ತಾಂಶ ವಿಜ್ಞಾನವನ್ನು ಮುಖ್ಯವಿಷಯವಾಗಿಯೂ ಓದಬಹುದು, ಉಪವಿಷಯವಾಗಿಯೂ ಓದಬಹುದು; ಎರಡಕ್ಕೂ ಬುನಾದಿ 'ಡೇಟಾ 8' ಎಂಬ ಒಂದೇ ಪಾಠ. 2015ರಲ್ಲಿ ಸುಮಾರು ನೂರು ಮಂದಿ ವಿದ್ಯಾರ್ಥಿಗಳೊಡನೆ ಪ್ರಾಯೋಗಿಕವಾಗಿ ತೊಡಗಿದ ಈ ಪಾಠಕ್ಕೆ ಕೆಲವೇ ವರುಷಗಳಲ್ಲಿ ಒಂದೊಂದು ಸೆಮಿಸ್ಟರಿನಲ್ಲಿ ಸಾವಿರಕ್ಕೂ ಮೇಲ್ಪಟ್ಟು ಜನ ಸೇರತೊಡಗಿದರು. ಸೇರುವವರಿಗೆ ಮುಂಚೆಯೇ ಪ್ರೋಗ್ರಾಂ ಬರೆಯುವುದಾಗಲಿ ಸಂಖ್ಯಾಶಾಸ್ತ್ರವಾಗಲಿ ಬರಬೇಕೆಂಬ ನಿಯಮವಿಲ್ಲ. ಅದರ ಪಠ್ಯಪುಸ್ತಕವನ್ನು ಬರೆದವರಲ್ಲಿ ಒಬ್ಬರಾದ ಆನಿ ಅಧಿಕಾರಿಯವರು ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ಓದಿದವರು. ಪುಸ್ತಕವನ್ನು ಅಂತರಜಾಲದಲ್ಲಿ ಯಾರು ಬೇಕಾದರೂ ಹಣ ತೆರದೆ ಓದಬಹುದಾದ ಕಾರಣ, ಅದರಲ್ಲಿ ಏನೇನಿದೆಯೆಂಬುದನ್ನು ಇಲ್ಲಿಂದಲೇ ತಿಳಿಯುವುದು ಸಾಧ್ಯ.

ಆ ಪುಸ್ತಕವು ಗಣಿತದ ಸೂತ್ರದಿಂದ ಮೊದಲಾಗುವುದಿಲ್ಲ, ಕಾದಂಬರಿಯಿಂದ ಮೊದಲಾಗುತ್ತದೆ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಬಹುಮಂದಿ ಶಾಲೆಯ ಪುಸ್ತಕಭಂಡಾರದಿಂದ ತೆಗೆದುಕೊಂಡು ಓದಿರಬಹುದಾದ, ಲೂಯಿಸಾ ಮೇ ಆಲ್ಕಾಟ್ ಬರೆದ 'ಲಿಟ್ಲ್ ವಿಮೆನ್' ಎಂಬುದೇ ಆ ಕಾದಂಬರಿ. ಅದರ ಒಂದೊಂದು ಅಧ್ಯಾಯದಲ್ಲಿಯೂ ಜೋ, ಮೆಗ್, ಬೆತ್, ಏಮಿ ಎಂಬ ಸೋದರಿಯರ ಹೆಸರುಗಳೂ ನೆರೆಮನೆಯ ಲಾರಿಯ ಹೆಸರೂ ಎಷ್ಟು ಸಲ ಬರುವುವೆಂದು ಕಂಪ್ಯೂಟರಿನಿಂದ ಎಣಿಸಿ ಗೆರೆಗಳಾಗಿ ಬಿಡಿಸುವರು. ಜೋಳ ಗೆರೆಯು ಮೊದಲಿನಿಂದ ಕೊನೆಯವರೆಗೆ ಎಲ್ಲಕ್ಕಿಂತ ಮೇಲೆ ಓಡುವುದು. ಕಥಾನಾಯಿಕೆ ಯಾರೆಂಬುದು ಪುಸ್ತಕವನ್ನು ತೆರೆಯದವಳಿಗೂ ಹೊಳೆಯುವುದು. ಆದರೆ ಒಬ್ಬಳ ಹೆಸರು ಒಂದೆಡೆಯಲ್ಲಿ ಏಕೆ ವಿರಳವಾಯಿತು, ಅವಳು ಪ್ರವಾಸಕ್ಕೆ ಹೋದಳೋ, ಮದುವೆಯಾಗಿ ಬೇರೆ ಮನೆ ಹೂಡಿದಳೋ, ಲೋಕವನ್ನೇ ಬಿಟ್ಟಳೋ ಎಂಬುದನ್ನು ಗೆರೆಯು ಹೇಳಲಾರದು. ಕಥೆಯನ್ನು ಓದಿ ಕಣ್ಣೀರು ಹಾಕಿದವಳು ಮಾತ್ರ ಹೇಳಬಲ್ಲಳು. ಸಾಹಿತ್ಯದ ವಿದ್ಯಾರ್ಥಿನಿಯು ಈ ಶಾಸ್ತ್ರದ ಮುಂದೆ ಬರಿಗೈಯಲ್ಲಿ ನಿಲ್ಲುವಳೆಂದು ಭಾವಿಸುವವರು ಈ ಒಂದು ಚಿತ್ರವನ್ನು ನೋಡಬೇಕು.

ಮುಂದಿನ ಅಧ್ಯಾಯವು ಕಾಲರಾ ರೋಗದ್ದು. 1854ರಲ್ಲಿ ಲಂಡನ್ನಿನ ಸೋಹೋ ಎಂಬ ಕೇರಿಯಲ್ಲಿ ರೋಗವು ಹಬ್ಬಿದಾಗ ಜಾನ್ ಸ್ನೋ ಎಂಬ ವೈದ್ಯನು ಸತ್ತವರ ಮನೆಗಳನ್ನು ನಕ್ಷೆಯಲ್ಲಿ ಗುರುತಿಸಿ, ಅವು ಬ್ರಾಡ್ ಸ್ಟ್ರೀಟಿನ ನೀರಿನ ಪಂಪಿನ ಸುತ್ತ ಗುಂಪುಗೂಡಿರುವುದನ್ನು ಕಂಡನು. ಅವನ ಮಾತಿನ ಮೇಲೆ ಪಂಪಿನ ಹಿಡಿಯನ್ನು ಕಳಚಿದರು. ಈ ಕಥೆಯನ್ನು ಅನೇಕರು ಕೇಳಿರಬಹುದು. ಅದಕ್ಕಿಂತ ಹೆಚ್ಚಿನದು ಅವನು ಆಮೇಲೆ ಮಾಡಿದ ಹೋಲಿಕೆ. ಲಂಡನ್ನಿನ ಕೆಲವು ಕೇರಿಗಳಲ್ಲಿ ಎರಡು ಕಂಪೆನಿಗಳು ನೀರು ಕೊಡುತ್ತಿದ್ದವು. ಒಂದೇ ಬೀದಿಯ ಅಕ್ಕಪಕ್ಕದ ಮನೆಗಳಲ್ಲಿ ಒಂದಕ್ಕೆ ಈ ಕಂಪೆನಿಯ ನೀರು, ಇನ್ನೊಂದಕ್ಕೆ ಆ ಕಂಪೆನಿಯದು. ಬಡವರೂ ಬಲ್ಲಿದರೂ ಎರಡು ಕಡೆಗೂ ಬೆರೆತಿದ್ದರು. ಗಾಳಿಯೂ ಒಂದೇ, ಬೀದಿಯೂ ಒಂದೇ. ವ್ಯತ್ಯಾಸವೆಂದರೆ ಒಂದು ಕಂಪೆನಿಯು ಊರಿನ ಕೊಳಚೆ ಸೇರಿದ ಕಡೆಯಲ್ಲಿ ಥೇಮ್ಸ್ ನದಿಯ ನೀರನ್ನು ಎತ್ತುತ್ತಿದ್ದಿತು, ಇನ್ನೊಂದು 1852ರಲ್ಲಿ ತನ್ನ ಸ್ಥಳವನ್ನು ಕೊಳಚೆಗಿಂತ ಮೇಲಕ್ಕೆ ಬದಲಾಯಿಸಿದ್ದಿತು. ಸ್ನೋ ಎಣಿಸಿದಾಗ, ಹತ್ತು ಸಾವಿರ ಮನೆಗಳಿಗೆ ಮೊದಲನೆಯದರಲ್ಲಿ 315 ಸಾವುಗಳೂ ಎರಡನೆಯದರಲ್ಲಿ 37 ಸಾವುಗಳೂ ಆಗಿದ್ದವು. ಈ ಲೆಕ್ಕದಲ್ಲಿ ಭಾಗಾಹಾರಕ್ಕಿಂತ ಕಠಿನವಾದ ಗಣಿತವೇನೂ ಇಲ್ಲ. ಯಾವುದನ್ನು ಯಾವುದರೊಡನೆ ಹೋಲಿಸಿದರೆ ನ್ಯಾಯ ಎಂಬ ವಿವೇಕವೇ ಇಲ್ಲಿಯ ವಿದ್ಯೆ. ಅದನ್ನು ಸ್ನೋವಿಗೆ ಕಲಿಸಿದ್ದು ವೈದ್ಯವೃತ್ತಿಯೂ, ಮನೆಮನೆಗೆ ನಡೆದು ಕೇಳಿದ ಅವನ ಕಾಲುಗಳೂ.

ಇನ್ನೊಂದು ಪಾಠವು ನ್ಯಾಯಾಲಯದ್ದು. ಅಲಬಾಮಾ ಸಂಸ್ಥಾನದಲ್ಲಿ ರಾಬರ್ಟ್ ಸ್ವೇನ್ ಎಂಬ ಕರಿಯ ಜನಾಂಗದ ತರುಣನಿಗೆ ಮರಣದಂಡನೆಯಾಯಿತು. ಆ ಜಿಲ್ಲೆಯಲ್ಲಿ ಪಂಚಾಯ್ತುದಾರರಾಗಲು ಅರ್ಹರಾದವರಲ್ಲಿ ನೂರಕ್ಕೆ 26 ಮಂದಿ ಕರಿಯ ಜನಾಂಗದವರು; ಕರೆಸಲ್ಪಟ್ಟ ನೂರು ಮಂದಿಯಲ್ಲಿ ಮಾತ್ರ ಅವರು 8. 1965ರಲ್ಲಿ ಆ ದೇಶದ ಸುಪ್ರೀಂ ಕೋರ್ಟು ಈ ವ್ಯತ್ಯಾಸವು ಸಣ್ಣದೆಂದು ಹೇಳಿ ಅವನ ಮನವಿಯನ್ನು ತಳ್ಳಿಹಾಕಿತು. ಸಣ್ಣದೇ? ವಿದ್ಯಾರ್ಥಿಗಳು ಕಂಪ್ಯೂಟರಿಗೆ ಹೀಗೆ ಅಪ್ಪಣೆ ಮಾಡುವರು: ನೂರಕ್ಕೆ 26ರಂತೆ ಬೆರೆತ ಜನರಿಂದ, ಪಕ್ಷಪಾತವಿಲ್ಲದೆ, ನೂರು ಚೀಟಿ ಎತ್ತು, ಎಷ್ಟು ಬಂದಿತೆಂದು ಬರೆ, ಹತ್ತು ಸಾವಿರ ಸಲ ಹೀಗೆಯೇ ಮಾಡು. ಬರುವ ಸಂಖ್ಯೆಗಳು ಇಪ್ಪತ್ತಾರರ ಆಚೆ ಈಚೆ ಸುಳಿದಾಡುವುವು. ಹದಿನೈದಕ್ಕೆ ಇಳಿಯುವುದೇ ಅಪರೂಪ. ಎಂಟು ಕಣ್ಣಿಗೆ ಬೀಳುವುದಿಲ್ಲವೆಂದೇ ಹೇಳಬೇಕು. ಚೀಟಿಯನ್ನು ಕಣ್ಣು ಮುಚ್ಚಿ ಎತ್ತಿರಲಿಲ್ಲವೆಂಬುದು ಇದರಿಂದ ಸ್ಪಷ್ಟ. ಕಾನೂನು ಓದಬೇಕೆಂದಿರುವ ಹುಡುಗಿಗೆ ಈ ಒಂದು ಮಧ್ಯಾಹ್ನದ ಅಭ್ಯಾಸವು ಎಷ್ಟು ಬೆಲೆಯುಳ್ಳದ್ದೆಂಬುದನ್ನು ನಾವು ಬೇರೆ ಹೇಳಬೇಕಾಗಿಲ್ಲ.

ಬರ್ಕ್ಲಿಯವರು ಈ ಬುನಾದಿಪಾಠದ ಪಕ್ಕದಲ್ಲಿ ಸೇತುವೆಗಳಂತಿರುವ ಚಿಕ್ಕ ಪಾಠಗಳನ್ನೂ ಏರ್ಪಡಿಸಿದರು. ಅವುಗಳಲ್ಲಿ ವಿದ್ಯಾರ್ಥಿಯು ತಾನು ಕಲಿತ ಎಣಿಕೆಯ ವಿದ್ಯೆಯನ್ನು ಸಾಹಿತ್ಯವೋ ಜೀವಶಾಸ್ತ್ರವೋ ತನ್ನದಾದ ಒಂದು ವಿಷಯಕ್ಕೆ ಹಚ್ಚಿ ನೋಡುವಳು. ಇದು ನಮಗೆ ಬಹಳ ಮೆಚ್ಚುಗೆಯಾದ ಏರ್ಪಾಡು. ಏಕೆಂದರೆ ಉಪವಿಷಯದ ಸಾರವೇ ಅಲ್ಲಿದೆ.

ನಮ್ಮ ನಾಡಿನದೇ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರುಷದೊಳಗಿನ ಸ್ತ್ರೀಯರಲ್ಲಿ ನೂರಕ್ಕೆ 47.8 ಮಂದಿಗೆ ರಕ್ತಹೀನತೆಯುಂಟು. 2015-16ರ ಸಮೀಕ್ಷೆಯಲ್ಲಿ ಅದು 44.8 ಆಗಿದ್ದಿತು. ಎಣಿಸುವುದನ್ನು ಮಾತ್ರ ಕಲಿತವನು ಈ ಎರಡು ಸಂಖ್ಯೆಗಳನ್ನು ಕಳೆದು, ಮೂರು ಹೆಚ್ಚಿತೆಂದು ಬರೆದು ಲೇಖನಿಯನ್ನು ಕೆಳಗಿಡುವನು. ಗೃಹವಿಜ್ಞಾನವನ್ನು ಮುಖ್ಯವಿಷಯವಾಗಿ ಓದಿದ ಹುಡುಗಿಯ ಪ್ರಶ್ನೆಗಳೇ ಬೇರೆ. ರಕ್ತವನ್ನು ಎಲ್ಲಿಂದ ತೆಗೆದರು? ಬೆರಳ ತುದಿಯನ್ನು ಚುಚ್ಚಿ ಹಿಂಡಿದ ಹನಿಯಲ್ಲಿ ಬೇರೆ ದ್ರವವೂ ಬೆರೆತು ಹೀಮೋಗ್ಲೋಬಿನ್ನು ನಿಜಕ್ಕಿಂತ ಕಡಮೆಯಾಗಿ ಕಾಣಬಹುದಲ್ಲವೆ? ಈ ಸಮೀಕ್ಷೆಗಳಲ್ಲಿ ಬೆರಳ ತುದಿಯಿಂದಲೇ ರಕ್ತವನ್ನು ತೆಗೆದಿದ್ದರು; ತೋಳಿನ ರಕ್ತನಾಳದಿಂದ ತೆಗೆದು ಪರೀಕ್ಷಿಸಿದರೆ ರೋಗದ ಪ್ರಮಾಣವು ಕಡಮೆಯಾಗಿ ಬರುವುದೆಂದು ವಿಜ್ಞಾನಿಗಳು ಹಲವು ವರುಷ ಚರ್ಚಿಸಿರುವರು. ಹಾಗೆಂದು ರಕ್ತಹೀನತೆಯೇ ಇಲ್ಲವೆನ್ನುವಂತಿಲ್ಲ. ಮನೆಯವರೆಲ್ಲ ಉಂಡ ಮೇಲೆ ಉಳಿದುದನ್ನು ಉಣ್ಣುವವಳು ಯಾರು, ಊಟವಾದ ಕೂಡಲೆ ಚಹಾ ಕುಡಿದರೆ ಅನ್ನದಲ್ಲಿಯ ಕಬ್ಬಿಣವು ಮೈಗೆ ಹತ್ತುವುದು ಹೇಗೆ ಕಡಮೆಯಾಗುವುದು ಎಂಬುದನ್ನು ಅವಳು ಬಲ್ಲಳು. ಸಂಖ್ಯೆಯನ್ನು ಎಷ್ಟು ನಂಬಬೇಕು, ಎಲ್ಲಿ ನಂಬಬಾರದು ಎಂದು ತಿಳಿಯಲು ಎರಡು ವಿದ್ಯೆಗಳೂ ಒಂದೇ ತಲೆಯಲ್ಲಿರಬೇಕು. ಗೃಹವಿಜ್ಞಾನವನ್ನು ಬಿಟ್ಟು ಬರಿಯ ದತ್ತಾಂಶವನ್ನು ಓದಿದ್ದರೆ ಅವಳಿಗೆ ಈ ಪ್ರಶ್ನೆಗಳು ಹುಟ್ಟುತ್ತಿರಲಿಲ್ಲ. ದತ್ತಾಂಶವನ್ನು ಓದದೆ ಇದ್ದಿದ್ದರೆ ಹುಟ್ಟಿದ ಪ್ರಶ್ನೆಗೆ ಉತ್ತರವನ್ನು ತಾನೇ ಹುಡುಕಲಾರದೆ ಇನ್ನೊಬ್ಬರ ಬಾಯಿ ನೋಡುತ್ತಿದ್ದಳು.

ಹೆಣ್ಣುಮಕ್ಕಳ ಶಾಲೆಯ ಸಂಚಿಕೆಯಲ್ಲಿ ಈ ವಿಷಯವನ್ನು ಎತ್ತಿದ್ದಕ್ಕೆ ಇನ್ನೂ ಒಂದು ಕಾರಣವುಂಟು. ಅಮೆಜಾನ್ ಕಂಪೆನಿಯವರು 2014ರಿಂದ, ಉದ್ಯೋಗಕ್ಕೆ ಬರುವ ಅರ್ಜಿಗಳನ್ನು ತಾನೇ ಓದಿ ಅಂಕ ಕೊಡುವ ಯಂತ್ರವಿದ್ಯೆಯೊಂದನ್ನು ಸಿದ್ಧಪಡಿಸುತ್ತಿದ್ದರು. ಅದಕ್ಕೆ ಹಿಂದಿನ ಹತ್ತು ವರುಷಗಳ ಅರ್ಜಿಗಳನ್ನು ತೋರಿಸಿ ಕಲಿಸಿದರು. ಆ ಅರ್ಜಿಗಳಲ್ಲಿ ಬಹುಪಾಲು ಗಂಡಸರವು. ಯಂತ್ರವು ಅದರಿಂದ ಕಲಿತ ಪಾಠವು ಹೀಗಿದ್ದಿತು: ಅರ್ಜಿಯಲ್ಲಿ 'ಮಹಿಳೆಯರ' ಎಂಬ ಮಾತು ಕಂಡರೆ, ಉದಾಹರಣೆಗೆ ಮಹಿಳೆಯರ ಚದುರಂಗ ಸಂಘದ ನಾಯಕಿ ಎಂದಿದ್ದರೆ, ಅಂಕವನ್ನು ಇಳಿಸತೊಡಗಿತು. ಸ್ತ್ರೀಯರಿಗಾಗಿಯೇ ಇರುವ ಎರಡು ಕಾಲೇಜುಗಳಲ್ಲಿ ಓದಿದವರ ಅಂಕವನ್ನೂ ಇಳಿಸಿತು. ಈ ಸಂಗತಿಯನ್ನು ರಾಯಿಟರ್ಸ್ ವಾರ್ತಾಸಂಸ್ಥೆಯು 2018ರ ಅಕ್ಟೋಬರಿನಲ್ಲಿ ಹೊರಗೆಡಹಿತು. ಆ ವೇಳೆಗೆ ಕಂಪೆನಿಯು ಕೆಲಸವನ್ನು ಕೈಬಿಟ್ಟಿದ್ದಿತು, ಅಭ್ಯರ್ಥಿಗಳನ್ನು ಆರಿಸಲು ತಾನು ಅದನ್ನು ಬಳಸಿರಲಿಲ್ಲವೆಂದೂ ಹೇಳಿತು. ನಮ್ಮ ಶಾಲೆಯ ಹೆಸರಿನಲ್ಲಿಯೇ 'ಹುಡುಗಿಯರ' ಎಂಬ ಮಾತಿದೆ. ಅದನ್ನು ಅರ್ಜಿಯ ಮೊದಲ ಸಾಲಿನಲ್ಲಿ ಹೆಮ್ಮೆಯಿಂದ ಬರೆಯುವವಳಿಗೆ ಅದೇ ಕುಂದಾಗುವ ಯಂತ್ರವೊಂದು ಹುಟ್ಟಿಕೊಂಡಿದ್ದಿತೆಂಬುದನ್ನು ನೆನೆಸಿಕೊಂಡರೆ ಈ ಶಾಸ್ತ್ರವು ಯಾರ ಕೈಯಲ್ಲಿರಬೇಕೆಂಬ ಪ್ರಶ್ನೆಯು ಏಳದೆ ಇರದು. ಆ ಯಂತ್ರಕ್ಕೆ ಹೆಂಗಸರ ಮೇಲೆ ದ್ವೇಷವೇನೂ ಇರಲಿಲ್ಲ. ಹಳೆಯ ವಾಡಿಕೆಯನ್ನು ಓದಿ ಅದನ್ನೇ ನಿಯಮವೆಂದು ತಿಳಿದುಕೊಂಡಿತು, ಅಷ್ಟೇ. ಬರ್ಕ್ಲಿಯಲ್ಲಿ ಈ ಶಾಸ್ತ್ರವನ್ನು ಮುಖ್ಯವಿಷಯವಾಗಿ ಓದುವವರು ಮನುಷ್ಯಸಮಾಜದಲ್ಲಿ ಅದರ ಪರಿಣಾಮ ಮತ್ತು ನೀತಿಯನ್ನು ಕುರಿತ ಪಾಠವೊಂದನ್ನು ಕಡ್ಡಾಯವಾಗಿ ಓದತಕ್ಕದ್ದು. ನಮ್ಮ ಕಾಲೇಜುಗಳ ಉಪವಿಷಯದ ಪಟ್ಟಿಯಲ್ಲಿಯೂ ಅಂಥ ಪಾಠವಿದೆಯೇ ಎಂದು ತಾಯಿತಂದೆಗಳು ವಿಚಾರಿಸಬೇಕು.

ಈಗ ತೊಡಕುಗಳ ಮಾತು. ಗಣಿತವಿಲ್ಲದೆ ಈ ಶಾಸ್ತ್ರವಿಲ್ಲ. ಮೊದಲಿನ ಪಾಠಗಳಿಗೆ ಹತ್ತನೆಯ ತರಗತಿಯ ಗಣಿತವೂ, ಸರಾಸರಿ ಮತ್ತು ಸಂಭವನೀಯತೆಯ ಅರಿವೂ ಸಾಕು; ಮೇಲೇರಿದಂತೆ ಕಲನಶಾಸ್ತ್ರವೂ ಸಮೀಕರಣಗಳ ಸಾಲುಗಳನ್ನು ಒಟ್ಟಿಗೆ ಬಿಡಿಸುವ ಬೀಜಗಣಿತವೂ ಎದುರಾಗುವುವು. ಹತ್ತನೆಯ ತರಗತಿಯಲ್ಲಿಯೇ ಗಣಿತಕ್ಕೆ ಕೈಮುಗಿದು ಬಂದ ಕಲಾವಿಭಾಗದ ಹುಡುಗಿಗೆ ಎರಡನೆಯ ವರುಷದಲ್ಲಿ ಕಷ್ಟವಾಗುವುದು ಖಂಡಿತ. ಅಂಥವರಿಗಾಗಿ ಮೊದಲನೆಯ ಸೆಮಿಸ್ಟರಿನಲ್ಲಿ ಗಣಿತವನ್ನು ಪುನಃ ಹೇಳಿಕೊಡುವ ಕಾಲೇಜಾದರೆ ಧೈರ್ಯವಾಗಿ ಸೇರಬಹುದು. ಪ್ರೋಗ್ರಾಂ ಬರೆಯುವುದಕ್ಕೆ ಹೆದರಬೇಕಾಗಿಲ್ಲ. ಪೈಥಾನ್ ಮತ್ತು ಆರ್ ಎಂಬ ಭಾಷೆಗಳೇ ಹೆಚ್ಚಾಗಿ ಬಳಕೆಯಲ್ಲಿರುವುವು. ಎರಡಕ್ಕೂ ಕಾಸು ಕೊಡಬೇಕಾಗಿಲ್ಲ. ಕಸೂತಿಯ ನಮೂನೆಯನ್ನು ಎಳೆ ಎಣಿಸಿ ಹಾಕಬಲ್ಲ ಹುಡುಗಿಯಲ್ಲಿ ಈ ಕೆಲಸಕ್ಕೆ ಬೇಕಾದ ತಾಳ್ಮೆಯು ಆಗಲೇ ಇರುವುದೆಂದು ನಮ್ಮ ನಂಬಿಕೆ. ಮನೆಯಲ್ಲಿ ಒಂದು ಸಾಧಾರಣ ಲ್ಯಾಪ್‌ಟಾಪು ಬೇಕಾಗುವುದು. ಮೊಬೈಲಿನ ಕಿರುತೆರೆಯಲ್ಲಿ ಇದನ್ನು ಕಲಿಯುವೆನೆಂದು ಹೊರಟವರು ಬೇಗನೆ ಬೇಸರಗೊಳ್ಳುವರು.

ಉದ್ಯೋಗದ ವಿಚಾರದಲ್ಲಿಯೂ ಮುಚ್ಚುಮರೆ ಬೇಡ. ಇಪ್ಪತ್ತನಾಲ್ಕು ಕ್ರೆಡಿಟ್‌ಗಳ ಉಪವಿಷಯವನ್ನು ಓದಿದವಳು ದತ್ತಾಂಶ ವಿಜ್ಞಾನಿಯೆಂಬ ಬಿರುದಿನ ಉದ್ಯೋಗಕ್ಕೆ, ಅದನ್ನೇ ನಾಲ್ಕು ವರುಷ ಓದಿದವರೊಡನೆ ಸರಿಸಮನಾಗಿ ನಿಲ್ಲುವಳೆಂದು ಹೇಳುವವರ ಮಾತನ್ನು ನಂಬಬಾರದು. ಅವಳ ಬಲವು ಬೇರೆ ಕಡೆಯಲ್ಲಿದೆ. ಆಸ್ಪತ್ರೆಯ ದಾಖಲೆಗಳನ್ನು ಓದಬಲ್ಲ ಜೀವಶಾಸ್ತ್ರಜ್ಞೆ, ಮಳೆಯ ಮತ್ತು ಬೆಳೆಯ ಲೆಕ್ಕವನ್ನು ಬಲ್ಲ ಭೂಗೋಳದ ಉಪಾಧ್ಯಾಯಿನಿ, ಸಮೀಕ್ಷೆಯ ವರದಿಯನ್ನು ಪರಿಶೀಲಿಸಬಲ್ಲ ಪತ್ರಿಕಾಕರ್ತೆ, ಇಂಥವರು ತಮ್ಮ ತಮ್ಮ ವೃತ್ತಿಯಲ್ಲಿ ಇತರರು ಮಾಡಲಾರದುದನ್ನು ಮಾಡುವರು. ಮೇಲೆ ಓದಬೇಕೆನ್ನುವವರಿಗೆ ಬಾಗಿಲು ತೆರೆದೇ ಇರುವುದು. ಸಂಖ್ಯಾಶಾಸ್ತ್ರದಲ್ಲಿ ಲೋಕಪ್ರಸಿದ್ಧರಾದ ಸಿ. ಆರ್. ರಾಯರು 1920ರಲ್ಲಿ ಹುಟ್ಟಿದ್ದು ನಮ್ಮ ಹೂವಿನ ಹಡಗಲಿಯಲ್ಲಿ. ಅವರೂ ಮೊದಲು ಗಣಿತದಲ್ಲಿ ಎಂ.ಎ. ಮಾಡಿ ಆಮೇಲೆ ಕಲ್ಕತ್ತೆಗೆ ಹೋಗಿ ಸಂಖ್ಯಾಶಾಸ್ತ್ರವನ್ನು ಹಿಡಿದವರು. 1945ರಲ್ಲಿ, ಇಪ್ಪತ್ತೈದು ವರುಷ ವಯಸ್ಸಿನೊಳಗೆ ಅವರು ಪ್ರಕಟಿಸಿದ ಲೇಖನವೊಂದಕ್ಕಾಗಿ 2023ರಲ್ಲಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪಾರಿತೋಷಕವು ಬಂದಿತು. ಅದೇ ವರುಷ ಅವರು ತೀರಿಕೊಂಡರು. ಬೆಳಗಿನ ನಾಲ್ಕು ಗಂಟೆಗೆ ತಮ್ಮನ್ನು ಎಬ್ಬಿಸಿ ಓದಲು ಎಣ್ಣೆಯ ದೀಪ ಹಚ್ಚಿಕೊಡುತ್ತಿದ್ದ ತಾಯಿಯನ್ನು ಅವರು ತಮ್ಮ ಪುಸ್ತಕವೊಂದರ ಅರ್ಪಣೆಯಲ್ಲಿ ಸ್ಮರಿಸಿದ್ದಾರೆ.

ಕಾಲೇಜಿನ ಕಛೇರಿಗೆ ಹೋದಾಗ ವಿಚಾರಿಸಬೇಕಾದ ಸಂಗತಿಗಳು ಮೇಲಿನ ಮಾತುಗಳಿಂದಲೇ ಹೊರಡುವುವು. ಉಪವಿಷಯದ ಹೆಸರು ಅಂಕಪಟ್ಟಿಯಲ್ಲಿಯೂ ಪದವಿಪತ್ರದಲ್ಲಿಯೂ ಅಚ್ಚಾಗುವುದೋ, ಅಥವಾ ಬೇರೆ ಒಂದು ಪ್ರಮಾಣಪತ್ರವನ್ನು ಮಾತ್ರ ಕೊಡುವರೋ? ಪಾಠ ಹೇಳುವವರು ಸಂಖ್ಯಾಶಾಸ್ತ್ರವನ್ನು ಓದಿದವರೋ, ಅಥವಾ ಕಂಪ್ಯೂಟರಿನ ಗುಂಡಿಗಳನ್ನು ಒತ್ತಲು ಮಾತ್ರ ಕಲಿಸುವರೋ? ಮುಖ್ಯವಿಷಯದ ಪ್ರಯೋಗಶಾಲೆಯ ವೇಳೆಯೂ ಇದರ ವೇಳೆಯೂ ಒಂದರ ಮೇಲೊಂದು ಬೀಳುವುದೋ? ಈ ಮೂರನೆಯದನ್ನು ಯಾರೂ ಕೇಳುವುದಿಲ್ಲ. ವರುಷದ ನಡುವೆ ವಿಷಯವನ್ನು ಬಿಡಬೇಕಾಗಿ ಬರುವುದು ಸಾಮಾನ್ಯವಾಗಿ ಇದರಿಂದಲೇ.

ಕಾಲೇಜಿನಲ್ಲಿ ಈ ಅನುಕೂಲವೇ ಇಲ್ಲದಿದ್ದರೆ ಬೇರೊಂದು ಮಾರ್ಗವಿದೆ. ಮದರಾಸಿನ ಐ.ಐ.ಟಿ.ಯವರು 2020ರಲ್ಲಿ ಆರಂಭಿಸಿದ ಪದವಿಯ ಪಾಠಗಳನ್ನು ಅಂತರಜಾಲದ ಮೂಲಕ ಮನೆಯಲ್ಲಿಯೇ ಕೇಳಿ, ಪರೀಕ್ಷೆಗಳನ್ನು ಮಾತ್ರ ಗೊತ್ತಾದ ಕೇಂದ್ರಗಳಿಗೆ ಹೋಗಿ ಬರೆಯಬಹುದು. ಹತ್ತನೆಯ ತರಗತಿಯಲ್ಲಿ ಗಣಿತವನ್ನೂ ಇಂಗ್ಲಿಷನ್ನೂ ಓದಿ ಹನ್ನೆರಡನೆಯದನ್ನು ಮುಗಿಸಿದ ಯಾವ ವಿಭಾಗದ ವಿದ್ಯಾರ್ಥಿಯಾದರೂ ಅರ್ಹತಾ ಪರೀಕ್ಷೆಯನ್ನು ದಾಟಿ ಸೇರುವಂತಿದೆ. ಬಡವರಿಗೆ ಶುಲ್ಕದಲ್ಲಿ ರಿಯಾಯಿತಿಯೂ ಉಂಟು. ಏಕಕಾಲದಲ್ಲಿ ಎರಡು ಪದವಿಗಳಿಗೆ ಓದುವುದಕ್ಕೆ ಧನಸಹಾಯ ಆಯೋಗವು 2022ರಲ್ಲಿ ಅನುಮತಿಯನ್ನು ಕೊಟ್ಟಿತು. ಪೂರ್ತಿ ಪದವಿಯನ್ನು ಓದಲೇಬೇಕೆಂಬ ನಿರ್ಬಂಧವಿಲ್ಲ. ಮೊದಲನೆಯ ಮಟ್ಟದ ಎಂಟು ಪಾಠಗಳನ್ನು ಮುಗಿಸಿ ಪ್ರಮಾಣಪತ್ರದೊಡನೆ ನಿಲ್ಲಿಸಲೂಬಹುದು. ಆದರೆ ಇದು ಎರಡು ದೋಣಿಗಳ ಪಯಣ; ದಿನವೂ ಎರಡು ಗಂಟೆಯ ಬಿಡುವನ್ನು ಮನೆಯವರು ಹುಡುಗಿಗೆ ಒದಗಿಸಿಕೊಡದಿದ್ದರೆ ಸಾಗದು. ಅಣ್ಣನು ಓದುವಾಗ ಮನೆಯು ನಿಶ್ಶಬ್ದವಾಗುವುದು, ತಂಗಿಯು ಓದುವಾಗ ಒಲೆಯ ಮೇಲಿನ ಹಾಲಿನ ಕಾವಲೂ ಅವಳದೇ ಎಂಬ ರೂಢಿಯು ಇನ್ನೂ ಕೆಲವು ಮನೆಗಳಲ್ಲಿ ಉಳಿದಿರುವುದರಿಂದ ಈ ಮಾತನ್ನು ಬರೆದೆವು.

ಸೇರಬೇಕೋ ಬೇಡವೋ ಎಂದು ನಿಶ್ಚಯಿ‌ಸಲಾರದವರಿಗೆ ನಮ್ಮ ಒಂದು ಸೂಚನೆ. ಪಿ.ಯು. ಪರೀಕ್ಷೆಯು ಮುಗಿದು ಫಲಿತಾಂಶವು ಬರುವುದರೊಳಗಿನ ಬಿಡುವಿನಲ್ಲಿ, ಮೇಲೆ ಹೇಳಿದ ಬರ್ಕ್ಲಿಯ ಪುಸ್ತಕದ ಮೊದಲಿನ ಎರಡು ಅಧ್ಯಾಯಗಳನ್ನು ಹುಡುಗಿಯು ತಾನೇ ಓದಿ ನೋಡಲಿ. ಅವುಗಳಲ್ಲಿ ಗಣಿತವು ಇಲ್ಲವೆನ್ನುವಷ್ಟು ಕಡಮೆ. ಓದಿದ ಮೇಲೆ ಅವಳು ತಮ್ಮ ತಾಲ್ಲೂಕಿನ ಮಳೆಯ ಲೆಕ್ಕವೋ ಮನೆಯ ಮೂರು ತಿಂಗಳ ಹಾಲು ದಿನಸಿಯ ಲೆಕ್ಕವೋ ಸಿಕ್ಕೀತೇ ಎಂದು ಕೇಳಿದರೆ, ಅರ್ಜಿಯಲ್ಲಿ ಉಪವಿಷಯದ ಜಾಗದಲ್ಲಿ ಗುರುತು ಹಾಕಿಸಿರಿ. ಎರಡನೆಯ ಅಧ್ಯಾಯದ ನಡುವೆ ಪುಸ್ತಕವನ್ನು ಮುಚ್ಚಿಟ್ಟು ತನ್ನ ಇತಿಹಾಸಕ್ಕೆ ಹಿಂದಿರುಗಿದರೆ, ಅವಳನ್ನು ಅಲ್ಲಿಯೇ ಇರಗೊಡಿರಿ. ಉಪವಿಷಯಗಳ ಪಟ್ಟಿಯಲ್ಲಿ ಪುರಾತತ್ತ್ವವೋ ಅರ್ಥಶಾಸ್ತ್ರವೋ ಇರಬಹುದು.